ಬೇಡದ ಓಲೆಗಳು

ದೇವರ ಹೆಸರಿನಲ್ಲಿ ಬರುತ್ತಿದ್ದ ಅನಾಮಧೇಯ ಅಂಚೆಕಾರ್ಡುಗಳನ್ನು ಬೈಲಹೊಂಗಲ, ಸವದತ್ತಿ ಸೀಮೆಯ ಹಿರಿಯರು ಮರೆತಿರಲಾರರು. ಇಂತಿಷ್ಟು ಪ್ರತಿ ಬರೆದು ಕಳುಹಿಸಿದವನಿಗೆ ಐಶ್ವರ್ಯ, ಹರಿದೊಗೆದವನಿಗೆ ಅನಿಷ್ಟವೆಂದು ಅವುಗಳ ಒಕ್ಕಣೆ. ಅಂದು ಕಾರ್ಡಿನ ಖರ್ಚಾದರೂ ಬರೆಯುವವನ ಕೈ ಹಿಡಿಯುತ್ತಿತ್ತು. ಇಂದು ಸ್ಪ್ಯಾಮ್ ಎನಿಸಿಕೊಂಡ ಸಂದೇಶಗಳಿಗೆ ಆ ತಡೆಯಿಲ್ಲ. ಲಕ್ಷ ಜನರಿಗೆ ಕಳುಹಿಸಿದರೂ ವೆಚ್ಚ ಅತ್ಯಲ್ಪ. ಒಬ್ಬಿಬ್ಬರು ಮೋಸಹೋದರೂ ಲಾಭವೇ. 1978ರ ಮೇ ತಿಂಗಳಲ್ಲಿ ಅಮೆರಿಕದ ಗಣಕಯಂತ್ರ ಸಂಸ್ಥೆಯೊಂದರ ಮಾರಾಟಗಾರನು ಸುಮಾರು 400 ಮಂದಿಗೆ ಒಮ್ಮೆಲೇ ಕಳುಹಿಸಿದ ಜಾಹೀರಾತೇ ಈ ಸಂತತಿಯ ಮೂಲವೆನ್ನುತ್ತಾರೆ. (ಸ್ಪ್ಯಾಮ್ ಎಂಬುದು ಡಬ್ಬಿಯ ಮಾಂಸವೊಂದರ ಹೆಸರು, ಹೆಸರಿಟ್ಟವರ ರುಚಿ ಅವರಿಗೇ ಇರಲಿ!)

ಇಂಥವಕ್ಕೆ ಉತ್ತರವೀಯುವುದೇ ಮೊದಲ ತಪ್ಪು. 'ಇನ್ನು ಕಳುಹಿಸಬೇಡಿ' ಎಂದು ಸಿಟ್ಟಿನಿಂದ ಬರೆದರೂ, ಆ ವಿಳಾಸದಲ್ಲಿ ಓದುವವರುಂಟೆಂಬುದು ಅವರಿಗೆ ತಿಳಿದಂತಾಯಿತು. ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಾದರೆ ದೂರು ದಾಖಲಿಸಿ ಕಳುಹಿಸಿದವನನ್ನು ಬ್ಲಾಕ್ ಮಾಡುವುದು ಲೇಸು. ಮಾರಾಟದ ಕರೆ, ಕಿರುಸಂದೇಶಗಳ ಬಗ್ಗೆ 1909ಕ್ಕೆ ದೂರಬಹುದು. ಹಣವೇ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಆ ಕ್ಷಣವೇ 1930ಕ್ಕೆ ಕರೆಮಾಡತಕ್ಕದ್ದು. ಕಿತ್ತೂರಿನ ಇಲ್ಲವೆ ರಾಮದುರ್ಗದ ಹಳ್ಳಿಯೊಂದರಿಂದ ಬಸ್ಸು ಹಿಡಿದು ಠಾಣೆಗೆ ಮುಟ್ಟುವಷ್ಟರಲ್ಲಿ ಆ ಹಣ ಹಲವು ಖಾತೆಗಳನ್ನು ದಾಟಿರಬಹುದು.