ಮಗು ಓದಿತು, ಅರ್ಥವಾಯಿತೇ?

ಒಂದನೇ ತರಗತಿಯ ಮಗು ಪಾಠವನ್ನು ತಡವರಿಸದೆ ಗಟ್ಟಿಯಾಗಿ ಓದಿ ಮುಗಿಸಿದರೆ ತಂದೆ-ತಾಯಿ ನಿಶ್ಚಿಂತರಾಗುತ್ತಾರೆ. ಓದಿದ್ದೇನೆಂದು ಕೇಳಿದರೆ ಅದೇ ಮಗು ಸುಮ್ಮನಾಗುವುದುಂಟು. ಕೆಳ ತರಗತಿಗಳಲ್ಲಿ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕನೇ ತರಗತಿಯ ಹೊತ್ತಿಗೆ ಪರಿಸರ ಅಧ್ಯಯನದ ಉದ್ದನೆಯ ಪಾಠಗಳು, ವಾಕ್ಯರೂಪದ ಲೆಕ್ಕಗಳು ಎದುರಾದಾಗ 'ಚೆನ್ನಾಗಿ ಓದುತ್ತಿದ್ದ ಮಗು ಏಕೋ ಹಿಂದೆ ಬಿತ್ತು' ಎಂಬ ಕೊರಗು ಕೇಳಿಬರುತ್ತದೆ.

ಈ ಭ್ರಮೆಗೆ ಕನ್ನಡ ಲಿಪಿಯ ಗುಣವೂ ಒಂದು ಕಾರಣ. ಬಹುಮಟ್ಟಿಗೆ ಬರೆದಂತೆಯೇ ಓದುವ ಲಿಪಿಯಾದ್ದರಿಂದ, ಕಾಗುಣಿತ ಮತ್ತು ಒತ್ತಕ್ಷರಗಳು ಕೈವಶವಾದ ಮಗು ತಾನೆಂದೂ ಕೇಳಿರದ ಪದವನ್ನೂ ಸರಿಯಾಗಿ ಉಚ್ಚರಿಸಬಲ್ಲದು. ಉಚ್ಚಾರಣೆ ಸರಿಯಾಗಿದ್ದರೆ ಅರ್ಥವೂ ಆಗಿದೆಯೆಂದು ಹಿರಿಯರು ಭಾವಿಸುತ್ತಾರೆ.

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಒಂದು ಗುಣಾಕಾರವಾಗಿ ನಿರೂಪಿಸಿದರು. ಅಕ್ಷರಗಳನ್ನು ಬಿಡಿಸಿ ಓದುವ ಶಕ್ತಿಯನ್ನು ಕೇಳಿದ ಮಾತನ್ನು ಗ್ರಹಿಸುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿನ ಗ್ರಹಿಕೆ. ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ನಮ್ಮ ಮನೆಗಳಲ್ಲಿ ಮೊದಲನೆಯದಕ್ಕೆ ಕಾಪಿ ಪುಸ್ತಕ, ಟ್ಯೂಷನ್ ಎಲ್ಲವೂ ಉಂಟು. ಎರಡನೆಯದು ತಾನಾಗಿ ಬರುತ್ತದೆಂಬ ನಂಬಿಕೆ.

ಅದು ತಾನಾಗಿ ಬರುವುದು ಮಾತಿನಿಂದ. ಮನೆಯಲ್ಲಿ 'ಹೋಗ್ತಾನೆ' ಎಂದೋ, ಧಾರವಾಡದ ಕಡೆಯಾದರೆ 'ಹೊಂಟಾನ' ಎಂದೋ ಕೇಳಿ ಬೆಳೆದ ಮಗುವಿಗೆ ಪುಸ್ತಕದ 'ಹೋಗುತ್ತಿದ್ದಾನೆ' ಅರೆಪರಿಚಿತ ಭಾಷೆ. ಹಿರಿಯರು ದಿನವೂ ಹದಿನೈದು ನಿಮಿಷ ಕಥೆಯನ್ನು ಓದಿ ಹೇಳಿದರೆ ಈ ಗ್ರಂಥಭಾಷೆ ಕಿವಿಗೆ ಒಗ್ಗುತ್ತದೆ. ಮಗು ಸ್ವತಃ ಓದಲು ಕಲಿತ ಕೂಡಲೇ ಓದಿ ಹೇಳುವುದನ್ನು ನಿಲ್ಲಿಸುವ ರೂಢಿ ಸರಿಯಲ್ಲ. ಅದು ಓದಬಲ್ಲ ಪುಸ್ತಕಕ್ಕಿಂತ ಕಠಿಣವಾದುದನ್ನು ಅದು ಕೇಳಿ ಗ್ರಹಿಸಬಲ್ಲದು.

ಇನ್ನು ಪ್ರಶ್ನೆ ಕೇಳುವ ಬಗೆ. 'ಮೋಡ ಕವಿಯಿತು. ಅಜ್ಜಿ ಅಂಗಳದಲ್ಲಿ ಹರವಿದ್ದ ಹಪ್ಪಳಗಳನ್ನು ಅವಸರವಾಗಿ ಒಳಗೆ ತಂದರು' ಎಂಬ ಎರಡು ವಾಕ್ಯಗಳನ್ನು ಗಮನಿಸಿ. 'ಅಜ್ಜಿ ಏನನ್ನು ತಂದರು?' ಎಂದರೆ ಅರ್ಥವಾಗದ ಮಗುವೂ ವಾಕ್ಯದಿಂದ ಪದವನ್ನೆತ್ತಿ ಉತ್ತರಿಸುತ್ತದೆ. 'ಅಜ್ಜಿಗೆ ಅವಸರವೇಕೆ?' ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ಮಳೆ, ಒದ್ದೆ, ಕೆಟ್ಟುಹೋಗುವ ಹಪ್ಪಳ ಇವನ್ನೆಲ್ಲ ಮಗುವೇ ಜೋಡಿಸಬೇಕು. ಹಪ್ಪಳ ಒಣಗಿಸುವುದನ್ನೇ ಕಾಣದೆ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗು ಇಲ್ಲಿ ಎಡವಿದರೆ ಅದು ದಡ್ಡತನವಲ್ಲ, ಅನುಭವದ ಕೊರತೆ.

ಅಮೆರಿಕದಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿತು. ಬೇಸ್‌ಬಾಲ್ ಪಂದ್ಯವೊಂದರ ವಿವರಣೆಯನ್ನು 64 ವಿದ್ಯಾರ್ಥಿಗಳಿಗೆ ಓದಲು ಕೊಟ್ಟಾಗ, ಓದಿನಲ್ಲಿ ಹಿಂದಿದ್ದರೂ ಆಟವನ್ನು ಬಲ್ಲವರು, ಓದಿನಲ್ಲಿ ಮುಂದಿದ್ದು ಆಟವನ್ನರಿಯದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಸಂತೆ, ಕೆರೆ, ಅಡುಗೆಮನೆ, ಬಸ್ ಪ್ರಯಾಣ ಎಲ್ಲವೂ ಓದಿನ ತಯಾರಿಯೇ ಎಂದಾಯಿತು.

ಇಂಗ್ಲಿಷ್ ಮಾಧ್ಯಮದ ಮಕ್ಕಳ ಪಾಡು ಇನ್ನೂ ಇಕ್ಕಟ್ಟಿನದು. ಅಲ್ಲಿ ಲಿಪಿಯೂ ಬರೆದಂತೆ ಓದುವುದಲ್ಲ, ಮಾತೂ ಮನೆಯದಲ್ಲ. ಇಂಗ್ಲಿಷ್ ಪಾಠದ ತಿರುಳನ್ನು ಕನ್ನಡದಲ್ಲೋ, ಮನೆಮಾತು ತುಳು, ಉರ್ದು ಯಾವುದಿದ್ದರೆ ಅದರಲ್ಲೋ ಚರ್ಚಿಸಿದರೆ ಇಂಗ್ಲಿಷ್ ಕೆಡುತ್ತದೆಂಬ ಭಯ ಬೇಡ. ಒಂದು ಭಾಷೆಯಲ್ಲಿ ತಿಳಿದ ವಿಷಯ ಇನ್ನೊಂದರಲ್ಲಿ ಓದುವಾಗ ಒದಗಿಬರುತ್ತದೆ. ಪುಸ್ತಕಗಳಿಗೂ ಬರವಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಓದಿನ ಹಂತಕ್ಕನುಗುಣವಾಗಿ ಉಚಿತವಾಗಿ ದೊರೆಯುತ್ತವೆ.

ತೊಡಕು ಎಲ್ಲಿದೆಯೆಂದು ಮನೆಯಲ್ಲೇ ಸ್ಥೂಲವಾಗಿ ಪರೀಕ್ಷಿಸಬಹುದು. ಮಗುವಿಗೆ ಅರ್ಥವಾಗದ ಪುಟವನ್ನು ಹಿರಿಯರು ನಿಧಾನವಾಗಿ ಓದಿ ಹೇಳಬೇಕು. ಕೇಳಿದಾಗ ಅರ್ಥವಾದರೆ ತೊಡಕಿರುವುದು ಅಕ್ಷರ ಬಿಡಿಸುವುದರಲ್ಲಿ. ಅದಕ್ಕೆ ಇನ್ನಷ್ಟು ಅಭ್ಯಾಸ ಬೇಕು. ಕೇಳಿದಾಗಲೂ ಆಗದಿದ್ದರೆ ಪದಗಳ, ವಿಷಯಜ್ಞಾನದ ಕೊರತೆಯಿರಬಹುದು. ಅಂಥ ಮಗುವಿನಿಂದ ಅದೇ ಪುಟವನ್ನು ಹತ್ತು ಬಾರಿ ಓದಿಸಿ ಪ್ರಯೋಜನವಿಲ್ಲ. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಸುಧಾರಣೆ ಕಾಣದಿದ್ದರೆ ಮೊದಲು ಕಣ್ಣು, ಕಿವಿಗಳ ತಪಾಸಣೆ ಮಾಡಿಸಿ, ನಂತರ ಕಲಿಕಾ ನ್ಯೂನತೆಯ ತಜ್ಞರನ್ನು ಕಾಣುವುದು ಸೂಕ್ತ.