ಗದ್ದೆಯ ಬದಿಯ ಕಾಲೇಜು ಮತ್ತು ಹೊರಗಿನವರ ಶುಲ್ಕ

ಉಡುಪಿಯಿಂದ ಹಿರಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಮಣಿಪಾಲ ದಾಟಿದೊಡನೆ ಪರ್ಕಳ. ಅಲ್ಲಿಯ ರೈತರಿಗೆ ಕಾಲೇಜು ಹೊಸದಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಂದಿನಿಂದ ದೂರದೂರದ ಹುಡುಗರು ಇಲ್ಲಿಗೆ ಬರುವುದನ್ನು ಅವರು ನೋಡುತ್ತಲೇ ಬಂದಿದ್ದಾರೆ. ಆದರೆ ಗದ್ದೆಯ ಬದಿಯಲ್ಲೇ ಕಾಲೇಜಿದೆಯೆಂದು ನಮ್ಮ ಮಗನಿಗೆ ಶುಲ್ಕ ಕಡಿಮೆಯಾಗುತ್ತದೆಯೇ? ಇಲ್ಲ. ಮಣಿಪಾಲದ ಸಂಸ್ಥೆ 1993ರಿಂದ ಸ್ವಾಯತ್ತ ವಿಶ್ವವಿದ್ಯಾಲಯದ ಮಾನ್ಯತೆ ಪಡೆದಿದೆ. ಅಲ್ಲಿಯ ವೈದ್ಯಕೀಯ ಸೀಟಿಗೆ ಪರ್ಕಳದವನೂ ಪಾಟ್ನಾದವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಊರಿನ ಲೆಕ್ಕ ಬರುವುದು ಸರಕಾರಿ ಸೀಟಿನಲ್ಲಿ.

ಈ ಲೆಕ್ಕ ಹಳೆಯದು. ಇಂದೋರಿನ ವೈದ್ಯಕೀಯ ಕಾಲೇಜು ಮಧ್ಯಭಾರತದ ನಿವಾಸಿಗಳನ್ನು ಬಿಟ್ಟು ಹೊರಗಿನ ವಿದ್ಯಾರ್ಥಿಗಳಿಂದ ಮಾತ್ರ ಕ್ಯಾಪಿಟೇಷನ್ ಶುಲ್ಕ ಪಡೆಯುತ್ತಿತ್ತು. ದೆಹಲಿಯ ವಿದ್ಯಾರ್ಥಿಯೊಬ್ಬರು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಸಂವಿಧಾನ ನಿಷೇಧಿಸಿರುವುದು ಹುಟ್ಟಿದ ಸ್ಥಳದ ಮೇಲಿನ ಭೇದವನ್ನು, ವಾಸದ ಊರಿನ ಮೇಲಿನ ವ್ಯತ್ಯಾಸವನ್ನಲ್ಲ ಎಂದು 1955ರಲ್ಲಿ ಬಹುಮತದ ತೀರ್ಪು ಬಂತು. ತನ್ನ ಜನರ ತೆರಿಗೆಯಿಂದ ಕಾಲೇಜು ನಡೆಸುವ ರಾಜ್ಯ ತನ್ನವರಿಗೆ ರಿಯಾಯಿತಿ ಕೊಟ್ಟರೆ ತಪ್ಪಲ್ಲವೆಂಬುದು ಅದರ ತಿರುಳು. ನಮ್ಮ ಊರಿನ ಕೆರೆಯ ನೀರು ಮೊದಲು ನಮ್ಮ ಗದ್ದೆಗೆ ಎಂದ ಹಾಗೆ!

ಕರ್ನಾಟಕದಲ್ಲಿ ಈ ವ್ಯತ್ಯಾಸ ಅತಿಗೆ ಹೋಯಿತು. 1989ರ ಜೂನ್ ತಿಂಗಳ ಸರಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಿಂದ 25,000, ಹೊರರಾಜ್ಯದವರಿಂದ 60,000 ರೂಪಾಯಿಯವರೆಗೆ ಪಡೆಯಬಹುದಿತ್ತು. ಕಲಿಸುವ ಪಾಠ ಒಂದೇ, ದರ ಮೂರು. ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದ ಮೀರತ್ತಿನ ಮೋಹಿನಿ ಜೈನ್ ಅವರು ಕೋರ್ಟಿಗೆ ಹೋದರು. 1992ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಇದನ್ನು ಕ್ಯಾಪಿಟೇಷನ್ನೇ ಎಂದು ಹೇಳಿ ತಳ್ಳಿಹಾಕಿತು. ಮರುವರ್ಷ ಇನ್ನೊಂದು ತೀರ್ಪು. 2002ರಲ್ಲಿ ಮಣಿಪಾಲದ ಪೈ ಪ್ರತಿಷ್ಠಾನದ ಹೆಸರಿನ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠದ ತೀರ್ಪು. ಆ ಜಟಿಲಕ್ಕೆ ಇಲ್ಲಿ ಹೋಗುವುದು ಬೇಡ.

ರೈತನಿಗೆ ಬೇಕಾದ ಪ್ರಶ್ನೆ ಬೇರೆ: ಸರಕಾರಿ ಸೀಟಿನ ಮಟ್ಟಿಗೆ ನನ್ನ ಮಗು 'ಒಳಗಿನದೋ', 'ಹೊರಗಿನದೋ'? ಇದನ್ನು ನಿರ್ಧರಿಸುವುದು 2006ರ ಕರ್ನಾಟಕ ಪ್ರವೇಶ ನಿಯಮಗಳು. ಪಹಣಿಯಲ್ಲಿ ಹೆಸರಿದ್ದರೆ ಸಾಲದು, ಶಾಲೆಯ ವರ್ಷಗಳನ್ನು ಎಣಿಸುತ್ತಾರೆ. ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ಒಟ್ಟು ಏಳು ಪೂರ್ಣ ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್.ಎಸ್.ಎಲ್.ಸಿ. ಇಲ್ಲವೇ ದ್ವಿತೀಯ ಪಿ.ಯು.ಸಿ.ಯನ್ನು ಇಲ್ಲಿಯೇ ಪಾಸು ಮಾಡಿರಬೇಕು.

ನಮ್ಮ ಕರಾವಳಿಯ ತೊಡಕು ಇಲ್ಲಿದೆ. ಎಷ್ಟೋ ಮನೆಗಳ ಒಬ್ಬ ಅಣ್ಣ ಮುಂಬೈಯಲ್ಲಿ ಹೋಟೆಲಿನ ಕೆಲಸಕ್ಕೆ, ತಮ್ಮ ಊರಿನ ಗದ್ದೆಗೆ. ಅಣ್ಣನ ಮಗಳು ಹತ್ತನೆಯ ತರಗತಿಯವರೆಗೆ ಮುಂಬೈಯಲ್ಲಿ ಓದಿ, ಪಿ.ಯು.ಸಿ.ಗೆ ಪರ್ಕಳದ ಅಜ್ಜನ ಮನೆಗೆ ಬಂದಳೆನ್ನಿ. ಅವಳ ಲೆಕ್ಕಕ್ಕೆ ಸಿಗುವುದು ಎರಡೇ ವರ್ಷ. ಮನೆಯವರು ಇಷ್ಟಕ್ಕೇ ಕೈಚೆಲ್ಲಿ, ದುಬಾರಿ ಸೀಟಿಗೆ ತೋಟ ಅಡವಿಡಲು ಹೊರಡುವುದುಂಟು. ಅವಸರ ಬೇಡ. ನಿಯಮದಲ್ಲಿ ಇನ್ನೊಂದು ಬಾಗಿಲಿದೆ. ಪ್ರಥಮ ಮತ್ತು ದ್ವಿತೀಯ ಪಿ.ಯು.ಸಿ. ಎರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಆ ಮಗಳೂ ಅರ್ಹಳು. ಅಂದರೆ ಅಪ್ಪ ಹಂಚಿನ ಮಾಡಿನ ಶಾಲೆಯಲ್ಲಿ ಏಳನೆಯವರೆಗೆ ಓದಿ ಮುಂಬೈ ಬಸ್ಸು ಹತ್ತಿದ್ದರೂ, ಆ ಓದೇ ಮಗಳಿಗೆ ಆಸರೆ.

ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕುಗಳ ನೆಂಟರಿಗೂ ದಾರಿ ಇದೆ. ಗಡಿನಾಡಿನ ಈ ಭಾಗದಲ್ಲಿ ವಾಸವಿರುವ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಿಗೆ ನಿಯಮದಲ್ಲಿ ಪ್ರತ್ಯೇಕ ಕಲಮು ಉಂಟು. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳಿಗೂ ಹೀಗೆಯೇ. ಆದರೆ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಕೃಷಿ ಪದವಿ ಬಯಸುವವರು ಇನ್ನೊಂದನ್ನು ಗಮನಿಸಬೇಕು. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಉಪಕರಣಗಳನ್ನು ಕಂಡು ಹೇಳಬೇಕಾದ ಪರೀಕ್ಷೆಯಿದು. ರಜೆಯಲ್ಲಿ ನೇಜಿ ನೆಡಲು ಕೆಸರಿಗಿಳಿದ ಹುಡುಗನಿಗೆ ಇದು ಹೆದರಿಕೆಯಲ್ಲ.

ನಿಯಮಗಳು ತಿದ್ದುಪಡಿಯಾಗುವುದುಂಟು, ಆಯಾ ವರ್ಷದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನು ಓದಿಯೇ ಅರ್ಜಿ ತುಂಬಿರಿ. ಅಪ್ಪ, ಅಮ್ಮನ ವ್ಯಾಸಂಗ ಪ್ರಮಾಣಪತ್ರವನ್ನು ಮಾತ್ರ ಫಲಿತಾಂಶ ಬರುವವರೆಗೆ ಕಾಯದೆ, ಮಗು ಪಿ.ಯು.ಸಿ.ಗೆ ಸೇರಿದ ವರ್ಷವೇ ಮಾಡಿಸಿಡುವುದು ಲೇಸು. ಹಳೆಯ ದಾಖಲಾತಿ ಪುಸ್ತಕ ಹುಡುಕಲು ಮುಖ್ಯೋಪಾಧ್ಯಾಯರಿಗೂ ಸಮಯ ಬೇಕು. ಆ ಶಾಲೆಯೇ ಮುಚ್ಚಿದ್ದರೆ, ಪುಸ್ತಕ ಎಲ್ಲಿಗೆ ಹೋಯಿತೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿರಿ.