ಬಾಯಿಗೆ ಒಂದು ಲಯ, ಬೆರಳಿಗೆ ಇನ್ನೊಂದು

ಮಾಮೂಲಿ ಗಿಟಾರ್ ಬಾರಿಸುತ್ತ ಹಾಡುವ ಹುಡುಗ ಹುಡುಗಿಯರು ಎಲ್ಲ ಕಾಲೇಜುಗಳಲ್ಲೂ ಸಿಗುತ್ತಾರೆ. ಬೇಸ್ ಗಿಟಾರ್ ನುಡಿಸುತ್ತ ಹಾಡುವವರು ಮಾತ್ರ ಅಪರೂಪ. ಎರಡೂ ಗಿಟಾರೇ, ಆದರೆ ಮಾಡುವ ಕೆಲಸ ಬೇರೆ. ಮಾಮೂಲಿ ಗಿಟಾರಿನ ಆರು ತಂತಿಗಳನ್ನು ಒಟ್ಟಿಗೆ ಮೀಟಿದಾಗ ಆ ಮೀಟು ಬಹುಮಟ್ಟಿಗೆ ಹಾಡಿನ ನಡೆಯ ಜೊತೆಗೇ ಸಾಗುತ್ತದೆ. ಹಾಡುವವರಿಗೆ ಅದು ಆಸರೆ. ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರ್ ಹಾಗಲ್ಲ, ಅದು ಡ್ರಮ್ಮಿನ ಜೊತೆಗಾರ. ಮಂದ್ರದಲ್ಲಿ ಒಂದೊಂದೇ ಸ್ವರವಾಗಿ ತನ್ನದೇ ದಾರಿ ಹಿಡಿಯುತ್ತದೆ. ಎಷ್ಟೋ ಹಾಡುಗಳಲ್ಲಿ ಪದ ನಿಂತ ಕಡೆ ಇದು ಓಡುತ್ತದೆ, ಪದ ಓಡುವ ಕಡೆ ಇದು ನಿಲ್ಲುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ, ಪೊಲೀಸ್ ತಂಡದ ಸ್ಟಿಂಗ್, ಕೆನಡಾದ ರಷ್ ತಂಡದ ಗೆಡ್ಡಿ ಲೀ ಇವರೆಲ್ಲ ಈ ಕಷ್ಟವನ್ನು ಗೆದ್ದವರು. ಗೆಡ್ಡಿ ಲೀ ಅಂತೂ ಸಾಲದೆಂಬಂತೆ ಕಾಲಿನಿಂದ ಪೆಡಲ್‌ಗಳನ್ನೂ ಒತ್ತಿ ಸ್ವರ ಹೊರಡಿಸುತ್ತಿದ್ದರು.

"ಬರೇ ನುಡಿಸಿದರೆ ಸರಿಯಾಗಿ ನುಡಿಸುತ್ತಾನೆ, ಹಾಡಲು ಬಾಯಿ ತೆರೆದ ಕೂಡಲೇ ಕೈ ನಿಂತುಬಿಡುತ್ತದೆ, ಇದೇನಾದರೂ ನರದ ತೊಂದರೆಯೇ?" ಎಂದು ತಂದೆತಾಯಂದಿರು ಕೇಳುವುದುಂಟು. ತೊಂದರೆಯಲ್ಲ, ಆರೋಗ್ಯವಂತ ಮೆದುಳಿನ ಸಹಜ ಸ್ವಭಾವ. ಬೇಕಾದರೆ ನೀವೇ ಪರೀಕ್ಷಿಸಿ ನೋಡಿ. ಕುರ್ಚಿಯಲ್ಲಿ ಕುಳಿತು ಬಲಗಾಲನ್ನು ಸ್ವಲ್ಪ ಎತ್ತಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸುತ್ತಿರಿ. ಹಾಗೆ ತಿರುಗಿಸುತ್ತಲೇ ಬಲಗೈಯಿಂದ ಗಾಳಿಯಲ್ಲಿ 6 ಎಂದು ಬರೆಯಿರಿ. ಹೆಚ್ಚಿನವರ ಕಾಲು ಅವರಿಗರಿವಿಲ್ಲದೆ ದಿಕ್ಕು ಬದಲಿಸಿಬಿಡುತ್ತದೆ. ಎರಡು ಅಂಗಗಳಿಗೆ ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ಆಜ್ಞೆ ಕೊಡಬೇಕಾದಾಗ ಮೆದುಳು ಅವನ್ನು ಒಂದೇ ಅಚ್ಚಿಗೆ ಎಳೆದುಕೊಳ್ಳಲು ನೋಡುತ್ತದೆ.

ಮಾತಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಲಗೈ ಬಳಸುವ ಬಹುಪಾಲು ಜನರಲ್ಲಿ ಮಾತಿನ ಕೇಂದ್ರ ಇರುವುದು ಮೆದುಳಿನ ಎಡಭಾಗದಲ್ಲಿ. ಬಲಗೈಯನ್ನು ಆಡಿಸುವುದೂ ಅದೇ ಎಡಭಾಗ. 1971ರಲ್ಲಿ ಕಿನ್ಸ್‌ಬೋರ್ನ್ ಮತ್ತು ಕುಕ್ ಎಂಬ ಸಂಶೋಧಕರು ಬೆರಳ ತುದಿಯ ಮೇಲೆ ಕೋಲು ನಿಲ್ಲಿಸುವ ಸರಳ ಪ್ರಯೋಗವೊಂದನ್ನು ಮಾಡಿಸಿದರು. ಮಾತನಾಡುತ್ತಿರುವಾಗ ಬಲಗೈ ಬೆರಳಿನ ಕೋಲು ಬೇಗ ಬೀಳುತ್ತಿತ್ತು, ಎಡಗೈಯದಕ್ಕೆ ಆ ಬಾಧೆ ಕಾಣಲಿಲ್ಲ. ತಂತಿ ಮೀಟುವ ಬಲಗೈ ಮೊದಲು ತಪ್ಪುವುದೇಕೆ ಎಂಬುದನ್ನು ಇದರಿಂದ ಊಹಿಸಬಹುದು.

ಹಾಗಾದರೆ ಕಲಿತವರು ಹೇಗೆ ಕಲಿತರು? ಅವರು ಎರಡು ಕೆಲಸಗಳ ಮೇಲೂ ಏಕಕಾಲಕ್ಕೆ ಗಮನ ಇಡುವುದಿಲ್ಲ. ಒಂದನ್ನು ಅಭ್ಯಾಸದ ಬಲದಿಂದ ಗಮನವೇ ಬೇಡದ ಕೆಲಸವಾಗಿಸಿಕೊಂಡಿರುತ್ತಾರೆ. ಹೊಸ ಕೆಲಸ ಕಲಿಯುವಾಗ ಮೆದುಳಿನ ಮುಂಭಾಗ ಎಚ್ಚರವಾಗಿದ್ದು ಪ್ರತಿ ಚಲನೆಯನ್ನೂ ನೋಡಿಕೊಳ್ಳುತ್ತದೆ. ಸಾಕಷ್ಟು ಸಲ ಮಾಡಿದ ಮೇಲೆ ಹೊಣೆಯ ಬಹುಭಾಗ ಆಳದಲ್ಲಿರುವ ನರಗುಚ್ಛಗಳಿಗೂ ಹಿಂಭಾಗದ ಕಿರುಮೆದುಳಿಗೂ ವರ್ಗವಾಗುತ್ತದೆ. ಸೈಕಲ್ ತುಳಿಯುತ್ತ ಹರಟುವುದು, ಅಜ್ಜಿ ಬತ್ತಿ ಹೊಸೆಯುತ್ತ ದೇವರನಾಮ ಹೇಳುವುದು ಇದರಿಂದಲೇ ಸಾಧ್ಯ. ನಮ್ಮ ಸಂಗೀತದ ಮನೆಗಳಲ್ಲಂತೂ ಇದು ಹೊಸದಲ್ಲ. ಸರಳೆ ವರಸೆ ಹಾಡುವ ಮಗು ತೊಡೆಯ ಮೇಲೆ ಆದಿತಾಳ ಹಾಕುತ್ತದೆ. ಮುಂದೆ ತಾಳದ ಪೆಟ್ಟು ಬಿದ್ದ ನಂತರ ಪಲ್ಲವಿ ಎತ್ತುವ ಕೃತಿಗಳು ಬಂದಾಗ ಕೈಯೂ ಬಾಯಿಯೂ ಬೇರೆ ಬೇರೆ ಗಳಿಗೆಯಲ್ಲಿ ಹೊರಡುವುದನ್ನು ಕಲಿಯುತ್ತದೆ. ಬೀಸುಕಲ್ಲಿನ ಪದ ಮಾತ್ರ ಇದಕ್ಕಿಂತ ಸುಲಭ. ಅಲ್ಲಿ ಕಲ್ಲಿನ ಸುತ್ತೇ ಹಾಡಿನ ಲಯ.

ಕೈ ಮತ್ತು ಹಾಡಿನ ಈ ನಂಟು ಚಿಕಿತ್ಸೆಗೂ ಒದಗಿದೆ ಎಂಬುದು ಹಲವರಿಗೆ ತಿಳಿಯದು. ಪಾರ್ಶ್ವವಾಯುವಿನಿಂದ ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಮಾತು ಕಳೆದುಕೊಂಡ ಕೆಲವರು, "ನೀರು ಬೇಕು" ಎನ್ನಲಾರದವರು, ಗೊತ್ತಿರುವ ಹಾಡನ್ನು ಪದಸಹಿತ ಹಾಡುತ್ತಾರೆ. ಇದನ್ನು ಗಮನಿಸಿದ ಅಮೆರಿಕದ ಬಾಸ್ಟನ್ನಿನ ತಜ್ಞರು 1973ರಲ್ಲಿ ಒಂದು ಚಿಕಿತ್ಸಾಕ್ರಮವನ್ನು ಪ್ರಕಟಿಸಿದರು. ಸಣ್ಣ ಸಣ್ಣ ವಾಕ್ಯಗಳನ್ನು ರಾಗವಾಗಿ ಹೇಳಿಸುವುದು, ಅಕ್ಷರಕ್ಕೊಂದರಂತೆ ರೋಗಿಯ ಎಡಗೈಯಿಂದ ಮೇಜಿನ ಮೇಲೆ ತಟ್ಟಿಸುವುದು, ಬರಬರುತ್ತ ರಾಗವನ್ನು ಕಡಿಮೆ ಮಾಡಿ ಮಾತಿಗೆ ತರುವುದು. ಎಲ್ಲರಿಗೂ ಫಲಿಸುವುದಿಲ್ಲ, ತಿಂಗಳುಗಟ್ಟಲೆ ತಾಳ್ಮೆ ಬೇಕು. ಆದರೂ ಮನೆಯಲ್ಲಿ ಅಂಥ ಹಿರಿಯರಿದ್ದರೆ ವಾಕ್ ಚಿಕಿತ್ಸಕರನ್ನು ಈ ಬಗ್ಗೆ ಕೇಳಿ ನೋಡುವುದು ಒಳ್ಳೆಯದು.

ಇನ್ನು ಅಭ್ಯಾಸದ ಮಾತು. ಮೊದಲು ಕೈ. ನುಡಿಸುತ್ತಿರುವಾಗ ಯಾರಾದರೂ "ಕಾಫಿ ಬೇಕಾ?" ಎಂದರೆ ತಪ್ಪದೆ ಉತ್ತರಿಸುವಷ್ಟು ಕೈ ಪಳಗಬೇಕು. ಅಲ್ಲಿಯವರೆಗೆ ಹಾಡಿನ ಗೋಜಿಗೆ ಹೋಗುವುದು ವ್ಯರ್ಥ. ಆಮೇಲೆ ಪದವಿಲ್ಲದೆ ಗುನುಗುವುದು, ನಂತರ ರಾಗವಿಲ್ಲದೆ ಪದಗಳನ್ನು ಲಯಕ್ಕೆ ಹೇಳುವುದು, ಕಡೆಗೆ ಹಾಡುವುದು. ಇಡೀ ಹಾಡನ್ನು ಒಮ್ಮೆಲೇ ಹಿಡಿಯದೆ ಎರಡು ಆವರ್ತಗಳಷ್ಟೇ ತೆಗೆದುಕೊಂಡು, ಯಾವ ಅಕ್ಷರದ ಮೇಲೆ ಯಾವ ಬೆರಳು ಬೀಳುತ್ತದೆಂದು ಕಾಗದದಲ್ಲಿ ಗುರುತು ಹಾಕಿಕೊಂಡರೆ ಎರಡು ಲಯಗಳು ಸೇರಿ ಒಂದೇ ಹೆಣಿಗೆಯಾಗಿ ಮನಸ್ಸಿಗೆ ಕೂರುತ್ತವೆ. ವೇಗ ನಿಮಿಷಕ್ಕೆ 60 ಪೆಟ್ಟು ಇದ್ದರೆ ಸಾಕು. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ 20 ನಿಮಿಷ ಮೇಲು. ಕಲಿತ ಚಲನೆ ನಿದ್ರೆಯಲ್ಲಿ ಗಟ್ಟಿಯಾಗುತ್ತದೆ, ಆದ್ದರಿಂದ ನಿದ್ದೆಗೆಟ್ಟು ಮಾಡುವ ಅಭ್ಯಾಸಕ್ಕೆ ಬೆಲೆಯಿಲ್ಲ.

ದೇಹದ ಮೇಲೆ ಬೀಳುವ ಹೊರೆಯನ್ನೂ ಮರೆಯಬಾರದು. ಬೇಸ್ ಗಿಟಾರಿನ ತೂಕ ಸುಮಾರು 4 ಕೆ.ಜಿ. ತಂತಿಯ ಉದ್ದ ಸಾಮಾನ್ಯವಾಗಿ 34 ಅಂಗುಲ. ಮಾಮೂಲಿ ಗಿಟಾರಿನದು 25ರ ಆಸುಪಾಸು. ಕಿರುಬೆರಳು ಚಾಚುವಾಗ ಎಡ ಮಣಿಕಟ್ಟು ತೀರ ಮಡಚಿಕೊಂಡರೆ ಅಲ್ಲಿ ಹಾದುಹೋಗುವ ನರದ ಮೇಲೆ ಒತ್ತಡ ಬೀಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜುಮುಗುಟ್ಟುವಿಕೆ, ರಾತ್ರಿ ಎಚ್ಚರವಾಗುವಷ್ಟು ಮರಗಟ್ಟುವಿಕೆ ಕಂಡರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ನೋವು ನುಂಗಿಕೊಂಡು ಅಭ್ಯಾಸ ಮಾಡುವುದು ಶೌರ್ಯವಲ್ಲ. ವಾದ್ಯವನ್ನೇ ಶಾಶ್ವತವಾಗಿ ಕೆಳಗಿಡಬೇಕಾಗಿ ಬಂದವರಿದ್ದಾರೆ. ಅಗಲವಾದ ಪಟ್ಟಿ ಹಾಕಿಕೊಳ್ಳಿ, ವಾದ್ಯವನ್ನು ತೊಡೆಯವರೆಗೆ ಜೋತುಬಿಡದೆ ಹೊಟ್ಟೆಯ ಮಟ್ಟಕ್ಕೆ ಏರಿಸಿಕೊಳ್ಳಿ. ಸಣ್ಣ ಕೈಯವರಿಗೆ 30 ಅಂಗುಲದ ಗಿಡ್ಡ ಬೇಸ್ ಸಿಗುತ್ತದೆ. ಮೆಕಾರ್ಟ್ನಿಯ ಹೆಸರಾಂತ ಪಿಟೀಲಿನಾಕಾರದ ವಾದ್ಯವೂ ಗಿಡ್ಡ ಜಾತಿಯದೇ.

ಬೆರಳು ನೋಡಲು ಕತ್ತು ಬಗ್ಗಿಸಿದರೆ ಗಂಟಲು ಬಿಗಿಯುತ್ತದೆ, ಪಕ್ಕೆಲುಬು ಕುಗ್ಗಿ ಉಸಿರು ಸಾಲದಾಗುತ್ತದೆ, ಹಾಡುವವರು ಆಗ ಕೂಗತೊಡಗುತ್ತಾರೆ. ನೋಡದೆ ನುಡಿಸುವುದು ಅಭ್ಯಾಸವಾಗಲಿ. ಶ್ರುತಿ ಎಟುಕದಿದ್ದರೆ ಹಾಡನ್ನು ಇಳಿಸಿಕೊಳ್ಳಿ, ಅದರಲ್ಲೂ ಧ್ವನಿ ಒಡೆಯುವ ವಯಸ್ಸಿನ ಹುಡುಗರು. ಗಂಟಲು ಕಟ್ಟಿದ್ದು ಮೂರು ವಾರ ಕಳೆದರೂ ಬಿಡದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು.

ಕಿವಿಯ ವಿಚಾರ ಕೊನೆಗೆ ಬಂದರೂ ಕಡೆಗಣಿಸುವಂಥದ್ದಲ್ಲ. ನಮ್ಮ ಕಿವಿಗೆ ಮಂದ್ರ ಸ್ವರಗಳು ಮಂದವಾಗಿ ಕೇಳುತ್ತವೆ. ಹೀಗಾಗಿ ಬೇಸ್ ನುಡಿಸುವವರು ಯಂತ್ರದ ಶಬ್ದವನ್ನು ಏರಿಸುತ್ತಲೇ ಹೋಗುತ್ತಾರೆ. ಪಕ್ಕದ ಡ್ರಮ್ಮಿನ ಅಬ್ಬರ ಬೇರೆ. ದುಡಿಮೆಯ ಜಾಗಗಳಿಗೆ ತಜ್ಞರು ಹಾಕಿರುವ ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು, ಮುಂದೆ ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್ಲಿಗೆ ಉಳಿಯುವುದು 15 ನಿಮಿಷ. ಅಭ್ಯಾಸದ ಕೋಣೆಯಲ್ಲಿ ಪಕ್ಕದವರೊಡನೆ ಕಿರುಚಿ ಮಾತನಾಡಬೇಕಾಗಿ ಬಂದರೆ ಶಬ್ದ ಮಿತಿ ಮೀರಿದೆ ಎಂದೇ ತಿಳಿಯಿರಿ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬಿರಟೆ ಹಾಕಿಕೊಳ್ಳಬಹುದು. ಹಾಕಿದ ಮೇಲೆ ತನ್ನ ದನಿ ತನಗೇ ವಿಚಿತ್ರವಾಗಿ ಕೇಳುವುದುಂಟು, ನಾಲ್ಕು ದಿನದಲ್ಲಿ ಹೊಂದಿಕೆಯಾಗುತ್ತದೆ. ಮನೆಗೆ ಬಂದ ಮೇಲೂ ಕಿವಿ ಗುಂಯ್‌ಗುಡುತ್ತಿದ್ದು ಮಾರನೆಯ ದಿನ ಹೋಗದಿದ್ದರೆ ಶ್ರವಣ ಪರೀಕ್ಷೆ ಮಾಡಿಸುವುದನ್ನು ಮುಂದೂಡಬೇಡಿ.